ನಿಂತದ್ದು ಮಾತ್ರ ಮೂಡುತ್ತದೆ

ಹಾಲು ಉಕ್ಕಿ ಕಟ್ಟೆಯ ಮೇಲಿಂದ ಹರಿದು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ದಾನಿ ಅಲ್ಲೇ ನಿಂತಿದ್ದಳು. ಬಿಸಿ ಹಾಲು ನೆಲದ ಮೇಲೆ ಹರಡುತ್ತ ಅವಳ ಬರಿಗಾಲಿನ ಕಡೆಗೇ ಬರುತ್ತಿದ್ದರೂ ಹುಡುಗಿ ಎರಡೂ ಕೈಗಳನ್ನು ಲಂಗಕ್ಕೆ ಅಂಟಿಸಿಕೊಂಡು, ಉಸಿರು ಬಿಗಿಹಿಡಿದು, ಎದುರಿನ ಗೋಡೆಯನ್ನು ನೋಡುತ್ತಿದ್ದಳು. ಪುಷ್ಪಾವತಿ ಬಡಿಯುತ್ತಿದ್ದ ರೊಟ್ಟಿಯನ್ನು ಬಿಟ್ಟು, ಹಿಟ್ಟಿನ ಕೈಯಿಂದಲೇ ಮಗಳ ರಟ್ಟೆ ಹಿಡಿದು ಎತ್ತಿ ಬಾಗಿಲ ಹೊರಗೆ ನಿಲ್ಲಿಸಿದಳು. ಎತ್ತುವಾಗ ಮಗುವಿನ ಮೈ ಒಂದು ಕಟ್ಟಿಗೆಯ ಹಾಗೆ ನೆಟ್ಟಗೆ ಬಂತು. ಮೊಣಕಾಲು ಸಹ ಮಡಚಲಿಲ್ಲ. ಆರು ವರ್ಷದ ಹುಡುಗಿಯನ್ನು ಎತ್ತಿದರೆ ಕಾಲು ಸೊಂಟಕ್ಕೆ ಸುತ್ತಿಕೊಳ್ಳಬೇಕು, ಕೈ ಕುತ್ತಿಗೆಗೆ ಬರಬೇಕು. ಇದು ಹಾಗಿರಲಿಲ್ಲ. 

"ಸರೀಬೇಕಿಲ್ಲ ನನ್ನವ್ವಾ? ಕಾಲ ಸುಟ್ಟಿದ್ರ?"

ದಾನಿ ಹಿಡಿದಿದ್ದ ಉಸಿರನ್ನು ಬಿಟ್ಟಳು. "ಸರದಿದ್ರ ಸುಡತಿತ್ತು."

"ನಿಂತರ ಸುಡತೈತಿ."

"ಇಲ್ಲ," ಎಂದಳು ಮಗಳು, ತಾಯಿಗೆ ತಿಳಿಯದ್ದನ್ನು ತಾನು ತಿಳಿದವಳ ಹಾಗೆ, ಮೆಲ್ಲಗೆ. "ನಿಂತರ ಏನೂ ಆಗೂದಿಲ್ಲ."

ಪಡಸಾಲೆಯಿಂದ ಅತ್ತೆ ಗಂಗವ್ವನ ಧ್ವನಿ ಬಂತು. "ಹಾಲು ಹೊತ್ತಿದ ವಾಸನಿ ಬರಾಕತ್ತೈತಲ್ಲ! ಚಿತ್ತ ಎಲ್ಲಿ ಇಟ್ಟಿ ಪುಷ್ಪಾ? ಮತ್ತ ಸೇತುವಿ ಮ್ಯಾಲೇನು?"

ಹೌದು, ಸೇತುವೆಯ ಮೇಲೇ. ಒಲೆ ಆರಿಸಿ, ಅರಿವೆಯಿಂದ ನೆಲ ಒರೆಸುತ್ತ, ಅರಿವೆಯನ್ನು ಹಿಂಡಿ ಮತ್ತೆ ಒರೆಸುತ್ತ ಅವಳು ಅಲ್ಲೇ ಇದ್ದಳು. ಒದ್ದೆ ನೆಲದ ಮೇಲೆ ಹಾಲು ಬೆಳ್ಳಗೆ ತೆಳ್ಳಗೆ ಹರಡಿದ್ದು ಅವಳ ಫೋಟೋಗಳಲ್ಲಿ ಹೊಳೆ ಕಾಣುವ ಹಾಗೆಯೇ ಇತ್ತು. ಅಲೆಯಿಲ್ಲ, ಸುಳಿಯಿಲ್ಲ, ನೀರೇ ಅಲ್ಲವೆನ್ನುವ ಹಾಗೆ ಒಂದು ಬಿಳುಪು. ಅದನ್ನು ಕಂಡೇ ಅವಳಿಗೆ ಈ ಹುಚ್ಚು ಹಿಡಿದದ್ದು. ರೋಣದ ಪೇಟೆಯಲ್ಲಿ ಗಂಡ ಕಲ್ಲೇಶನ ಫೋಟೋ ಸ್ಟುಡಿಯೋ. ಮದುವೆ, ಸೀಮಂತ, ಪಾಸ್‌ಪೋರ್ಟ್ ಸೈಜು. ಅವನು ಹೊಸ ಕ್ಯಾಮೆರಾ ಕೊಂಡಾಗ ಹಳೆಯದು ಮನೆಗೆ ಬಂತು. ಮೊದಲು ಅವಳು ಬಾರಕೋಲು, ಬೀಸುಕಲ್ಲು, ಅತ್ತೆಯ ಕೈ ಇಂಥವನ್ನು ತೆಗೆದಳು. ಆಮೇಲೆ ಯಾವುದೋ ಬಸ್ಸಿನ ಕಿಟಕಿಯಿಂದ ಮಲಪ್ರಭೆಯ ಮೇಲಿನ ಸೇತುವೆ ಕಂಡು, ಅದರ ಕಂಬಗಳ ಸಾಲು ಒಂದರ ಹಿಂದೊಂದು ಬಂದು ಹೋಗುವಾಗ ಎದೆ ಯಾಕೋ ತುಂಬಿ ಬಂದಿತ್ತು. ಅಷ್ಟು ದೊಡ್ಡದು, ಅಷ್ಟು ಸುಮ್ಮನೆ ನಿಂತದ್ದು ಅವಳ ದಿನದಲ್ಲಿ ಬೇರೊಂದು ಇರಲಿಲ್ಲ. ಅವಳ ದಿನದಲ್ಲಿ ಎಲ್ಲವೂ ಓಡುತ್ತಿತ್ತು: ನಲ್ಲಿ ನೀರು, ಒಲೆ, ಮಗಳ ಸಾಲೆಯ ಹೊತ್ತು. ಕ್ಯಾಮೆರಾದ ಕಣ್ಣಿಗೆ ಕಪ್ಪು ಗಾಜು ತೊಡಿಸಿ, ಮೂರುಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಒಂದು ಚಹಾ ಕುದಿಸಿ ಸೋಸುವಷ್ಟು ಹೊತ್ತು ಆ ಕಣ್ಣನ್ನು ತೆರೆದೇ ಇಟ್ಟರೆ ಓಡುವುದೆಲ್ಲ ಅಳಿಸಿಹೋಗುತ್ತದೆ ಎಂದು ಫೋನಿನಲ್ಲಿ ಯಾರದೋ ಪಾಠ ನೋಡಿ ಕಲಿತಳು. ನೀರು ಹೊಗೆಯಾಗುತ್ತದೆ. ಲಾರಿ, ಬಸ್ಸು, ಮಂದಿ, ದನ ಯಾವುದೂ ಮೂಡುವುದಿಲ್ಲ. ಸೇತುವೆ ಒಂದೇ ಉಳಿಯುತ್ತದೆ, ಕಪ್ಪಗೆ, ದೇವರ ಹಾಗೆ. ಬಣ್ಣವನ್ನೂ ತೆಗೆದುಬಿಟ್ಟರೆ ಯಾವ ಊರು, ಯಾವ ಕಾಲ ಎಂಬುದೂ ಇಲ್ಲ.

ಇದನ್ನೇ ಅವಳು ಮಗಳಿಗೆ ಹೇಳಿದ್ದಳು. ಹಿಂದಿನ ಯಾವುದೋ ಫೋಟೋ ತೋರಿಸಿ, "ಇಲ್ಲಿ ಬಸ್ಸು ಹೋಯ್ತಲ್ಲವ್ವಾ, ಎಲ್ಲಿ?" ಎಂದು ಮಗಳು ಕೇಳಿದಾಗ, ತಲೆ ಬಾಚುತ್ತ, ಬಾಯಲ್ಲಿ ರಿಬ್ಬನ್ ಕಚ್ಚಿಕೊಂಡೇ ಹೇಳಿದ್ದಳು: "ಅಳ್ಳಾಡಿದ್ದು ಹೋಗಿಬಿಡತೈತಿ ಪುಟ್ಟಾ. ನಿಂತದ್ದಷ್ಟ ಇರತೈತಿ." ಎಷ್ಟು ಹಗುರಾಗಿ ಹೇಳಿದ್ದಳು! ಮಕ್ಕಳಿಗೆ ಹೇಳುವ ನೂರು ಮಾತುಗಳಲ್ಲಿ ಯಾವುದು ಒಳಗೆ ಹೋಗಿ ಕೂರುತ್ತದೆ, ಯಾವುದು ಕಿವಿಯ ಮೇಲೆ ಹಾದುಹೋಗುತ್ತದೆ ಎಂಬುದು ಹೇಳಿದವರಿಗೆ ತಿಳಿಯುವಂತಿದ್ದರೆ ಯಾವ ತಾಯಿ ತಾನೇ ಬಾಯಿ ತೆರೆದಾಳು.

ನಿನ್ನೆ ಸಾಲೆಯ ಮಹೇಶ್ವರಿ ಟೀಚರು ಗೇಟಿನಲ್ಲೇ ತಡೆದು ನಿಲ್ಲಿಸಿದ್ದರು. "ಮನಿಯಾಗ ಏನರ ಹೆದರಿಸೀರೇನ್ರಿ ದಾನಮ್ಮನ್ನ? ಸಾಲಿ ಬಿಟ್ಟಾಗ ಟಂಟಂ ಗಾಡಿ ಹಿಂದಕ್ಕ ಬರಾಕತ್ತಿತ್ತು, ಎಲ್ಲಾ ಹುಡುಗರೂ ಚಿಟ್ಟನ ಚೀರಿ ಓಡಿದ್ವು. ಈಕಿ ಒಬ್ಬಾಕಿ ಕಂಬದಂಗ ನಿಂತಾಳರಿ. ನಾ ಹೋಗಿ ಎಳಕೊಳ್ಳದಿದ್ರ..." ಟೀಚರು ಮಾತು ಮುಗಿಸಲಿಲ್ಲ. ಮುಗಿಸದ್ದಕ್ಕೆ ಪುಷ್ಪಾವತಿ ಅವರಿಗೆ ಮನಸ್ಸಿನಲ್ಲೇ ಕೈ ಮುಗಿದಳು. "ಇಲ್ಲರಿ, ಹೆದರಿಸಿಲ್ಲರಿ," ಎಂದಳು. ಹೇಳುವಾಗ ತನ್ನ ಮುಖದ ಮೇಲೆ ಒಂದು ನಗು ಬಂದದ್ದು, ಅದು ಟೀಚರ ಕಣ್ಣಿಗೆ ಬಿದ್ದದ್ದು, ಅವರ ಹುಬ್ಬು ತುಸು ಮೇಲೇರಿದ್ದು ಎಲ್ಲವೂ ರಾತ್ರಿಯಿಡೀ ಹಾಸಿಗೆಯಲ್ಲಿ ಚುಚ್ಚಿದವು. ಎಂಥ ತಾಯಿ ಇವಳು, ನಗುತ್ತಾಳಲ್ಲ, ಎಂದುಕೊಂಡಿರಬೇಕು.

ರೊಟ್ಟಿ ಮುಗಿದವು. ಇವತ್ತು ಸಾಲೆಗೆ ಬೇಡ ಎಂದು ಅವಳೇ ಮಗಳನ್ನು ಉಳಿಸಿಕೊಂಡಳು. ಗಂಗವ್ವ ಬುಟ್ಟಿ ಮುಂದಿಟ್ಟುಕೊಂಡು ಮೆಂತೆಪಲ್ಯ ಸೋಸುತ್ತಿದ್ದಳು. ಅಜ್ಜಿಯ ಪಕ್ಕದಲ್ಲಿ ದಾನಿ ಎಲೆ ಕೀಳುತ್ತ ಕೂತಿದ್ದಳು, ಎಲ್ಲ ಮಕ್ಕಳ ಹಾಗೆ ಮೂಗು ಒರೆಸುತ್ತ, ಕಾಲು ಅಲ್ಲಾಡಿಸುತ್ತ. ಹೀಗಿದ್ದಾಗ ಏನೂ ಆಗಿಲ್ಲವೆನಿಸುತ್ತಿತ್ತು. ಆದರೆ ಹೊರಗೆ ಯಾವುದಾದರೂ ಗಾಡಿಯ ಸದ್ದು ಬಂದ ಕೂಡಲೇ ಆ ಕಾಲು ನಿಲ್ಲುತ್ತಿತ್ತು. ಎಲೆ ಹಿಡಿದ ಬೆರಳು ಹಿಡಿದಲ್ಲೇ ನಿಲ್ಲುತ್ತಿತ್ತು. ಗಾಡಿ ಹೋದ ಮೇಲೆ ಮತ್ತೆ ಶುರು. ಪುಷ್ಪಾವತಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತು ಸೋಪು ಉಜ್ಜುತ್ತ ಪ್ರತಿ ಗಾಡಿಗೂ ತಲೆ ಎತ್ತಿ ನೋಡಿದಳು, ಪ್ರತಿ ಸಲವೂ ಕಾಲು ನಿಂತಿತು.

ಹದಿನೈದು ದಿನದ ಹಿಂದೆ, ಹೊಳೆಗೆ ಹೋದ ಅವತ್ತು, ಗಾಳಿ ಜೋರಾಗಿತ್ತು. ಕಲ್ಲೇಶ ಗಜೇಂದ್ರಗಡಕ್ಕೆ ಮದುವೆ ತೆಗೆಯಲು ಹೋಗಿದ್ದ. ಅತ್ತೆ ಜಕ್ಕಲಿಗೆ, ತನ್ನ ಮಗಳ ಮನೆಗೆ. ದಾನಿಯನ್ನು ಮುಂದೆ ನಿಲ್ಲಿಸಿಕೊಂಡು ಸ್ಕೂಟಿಯ ಮೇಲೆ ನರಗುಂದ ದಾಟಿ ಅವಳು ಹೊಳೆಗೆ ಹೋದಳು. ದಾರಿಯುದ್ದಕ್ಕೂ ಹತ್ತಿ ಒಡೆದು ಹೊಲಗಳು ಬೆಳ್ಳಗಿದ್ದವು. ಸ್ಕೂಟಿಯನ್ನು ಸೇತುವೆಯ ಬಾಯಲ್ಲಿ, ರಸ್ತೆಯಿಂದ ಸರಿಸಿ ನಿಲ್ಲಿಸಿ, ಇಬ್ಬರೂ ಜಾಲಿಗಿಡಗಳ ನಡುವಿನ ಕಾಲುದಾರಿಯಲ್ಲಿ ಇಳಿದು ನೀರಿನಂಚಿನ ಬಂಡೆಗೆ ಬಂದರು. ಕೆಳಗಿನಿಂದ ನೋಡಿದರೆ ಸೇತುವೆ ಆಕಾಶವನ್ನು ಕೊಯ್ದ ಹಾಗಿತ್ತು. ಸಂಜೆಯ ಬಿಸಿಲು ಅದರ ಬೆನ್ನ ಹಿಂದೆ. ಸ್ಟ್ಯಾಂಡು ಬಿಚ್ಚಿ, ಕಾಲುಗಳನ್ನು ಕಲ್ಲಿನ ಸಂದಿಗೆ ಕೂರಿಸಿ, ಕ್ಯಾಮೆರಾ ಮಟ್ಟ ನೋಡಿ, ಮೋಡ ಕಂಬಗಳ ಮೇಲೆ ಬರಲೆಂದು ಕಾಯುತ್ತಿದ್ದಾಗ ದಾನಿ ನೀರಡಿಕೆ ಎಂದಳು. ನೀರಿನ ಬಾಟ್ಲಿ ಸ್ಕೂಟಿಯಲ್ಲೇ ಉಳಿದಿತ್ತು. "ಓಡಿ ತಗೊಂಡ ಬಾ. ರಸ್ತಾಕ್ಕ ಹೋಗಬ್ಯಾಡ ಮತ್ತ." ಕಣ್ಣು ಕ್ಯಾಮೆರಾದಿಂದ ಕಿತ್ತಿರಲಿಲ್ಲ. ಯಾರಿಗೆ ಹೇಳಿದೆ, ಆರು ವರ್ಷದ ಹುಡುಗಿಗೆ ಹೇಳಿದೆ ಎಂಬುದು ಆಗ ಹೊಳೆಯಲಿಲ್ಲ. ಮೋಡ ಬರುತ್ತಿತ್ತು.

ಮೋಡ ಬಂತು. ಅದರ ಜೊತೆಗೇ, ಕ್ಯಾಮೆರಾದ ಕಿಂಡಿಯಲ್ಲಿ, ಸೇತುವೆಯ ಮೇಲೆ, ಕಟಕಟೆಯ ಪಕ್ಕದಲ್ಲಿ ಒಂದು ಕಪ್ಪು ಚುಕ್ಕೆ ಬಂದು ನಿಂತಿತು. ಯಾರೋ. ಬಿಸಿಲಿಗೆ ಬೆನ್ನು ಕೊಟ್ಟ ಯಾರೋ ಒಬ್ಬರು, ಇತ್ತ ಮುಖಮಾಡಿ, ಸುಮ್ಮನೆ. ಪುಷ್ಪಾವತಿಗೆ ಮೈ ಜುಮ್ಮೆಂದಿತು. ಅಷ್ಟು ದೊಡ್ಡ ಕಲ್ಲು-ಕಬ್ಬಿಣದ ಮೇಲೆ ಅಷ್ಟು ಚಿಕ್ಕದೊಂದು ಜೀವ. ಅದು ಬಂದ ಕೂಡಲೇ ಸೇತುವೆಯ ದೊಡ್ಡಸ್ತಿಕೆ ತಾನಾಗಿ ಎದ್ದು ನಿಂತಿತ್ತು. ಎಷ್ಟು ಸಲ ಬಂದರೂ ಸಿಗದಿದ್ದದ್ದು ಇದೇ. ಅವಳು ಕಪ್ಪು ಗಾಜು ತೊಡಿಸಿದಳು, ಗುಂಡಿ ಒತ್ತಿದಳು, ಕ್ಯಾಮೆರಾದ ಕಣ್ಣು ತೆರೆಯಿತು. ಆಮೇಲೆ ತುಟಿಯೊಳಗೇ ಹೇಳಿದಳು: ನಿಂದ್ರು. ಯಾರರ ಇರು, ಹಂಗ ನಿಂದ್ರು. ಅಳ್ಳಾಡಬ್ಯಾಡ.

ಗಾಳಿ ಬೀಸಿತು. ಚುಕ್ಕೆಯ ಎರಡೂ ಬದಿಗೆ ಎರಡು ಜಡೆಗಳು ಎದ್ದವು.

ಅಲ್ಲಿಂದ ಮುಂದಿನದು ಅವಳ ನೆನಪಿನಲ್ಲಿ ಸಾಲಾಗಿಲ್ಲ. ಬಂಡೆಯ ಮೇಲೆ ಮಗಳು ಕೂತಿದ್ದ ಜಾಗ ಬರಿದಾಗಿತ್ತು, ಅಲ್ಲಿ ಅವಳ ಚಪ್ಪಲಿ ಇತ್ತು. ಸೇತುವೆಯ ಆಚೆ ತುದಿಯಲ್ಲಿ ಹತ್ತಿ ಲಾರಿಯೊಂದು ಏರಿತು. ಹತ್ತಿ ತುಂಬಿದ ಲಾರಿ ಹೇಗಿರುತ್ತದೆ ಎಂಬುದು ಈ ಸೀಮೆಯ ಯಾರಿಗೂ ಹೇಳಬೇಕಿಲ್ಲ. ಕೆಳಗೆ ಲಾರಿಯಷ್ಟೇ ಅಗಲ, ಮೇಲೆ ತಾಡಪತ್ರಿ ಕಟ್ಟಿದ ಹೊಟ್ಟೆ ಎರಡೂ ಕಡೆ ಉಬ್ಬಿ ಹೊರಗೆ ಚಾಚಿರುತ್ತದೆ, ಎದುರಿಗೆ ಬಂದವರು ರಸ್ತೆ ಬಿಟ್ಟು ಇಳಿಯಬೇಕು. ಅದು ಕಟಕಟೆಯನ್ನು ಸವರುತ್ತ, ದಾನಿ ನಿಂತ ಕಡೆಯಿಂದಲೇ ಬರುತ್ತಿತ್ತು. ಅವಳು ಕೂಗಿದಳು. ಗಾಳಿ ಕೂಗನ್ನು ಅವಳ ಬಾಯಿಂದಲೇ ಕಿತ್ತು ಹಿಂದಕ್ಕೆ ಒಯ್ದಿತು. ಎರಡೂ ಅಂಗೈಗಳನ್ನು ಮುಂದೆ ಚಾಚಿ ಬೀಸಿದಳು: ಹಿಂದಕ್ಕ ಸರಿ, ಓಡು, ಹಿಂದಕ್ಕ ಓಡು. ಬೀಸುತ್ತಿರುವಾಗಲೇ, ಇದು ಸ್ಟುಡಿಯೋದಲ್ಲಿ ಗಂಡನಿಗೆ ನೆರವಾಗಿ ಮಕ್ಕಳ ಫೋಟೋ ತೆಗೆಯುವಾಗ ತಾನು ಮಾಡುವ ಸನ್ನೆಯೇ ಎಂದು ಅವಳಿಗೆ ಗೊತ್ತಾಯಿತು. ಅಂಗೈ ಚಾಚಿದರೆ, ಹಂಗ ನಿಂದ್ರು. ದಾನಿಗೂ ಗೊತ್ತಿತ್ತು. ಮೇಲಿನ ಚುಕ್ಕೆ ಇನ್ನಷ್ಟು ನೆಟ್ಟಗಾಯಿತು. ಅವಳು ಓಡಿದಳು. ಜಾಲಿಮುಳ್ಳು ಸೀರೆ ಹಿಡಿಯಿತು, ಸೀರೆ ಹರಿಯಿತು. ಇಳಿಜಾರನ್ನು ಕೈಕಾಲು ನಾಲ್ಕೂ ಊರಿ ಏರುತ್ತಿದ್ದಾಗ ತಲೆ ಎತ್ತಿ ನೋಡಿದಳು. ಬೆಳ್ಳಗಿನ ಆ ಉಬ್ಬಿದ ಹೊಟ್ಟೆ ಬಂದು ಮಗಳ ತಲೆಯ ಮೇಲೆ ಬಾಗಿತು. ಮಗಳು ಅದರ ನೆರಳೊಳಗೆ ಹೋದಳು. ಕಾಣಲಿಲ್ಲ.

ಲಾರಿ ಹೋಯಿತು. ದಾನಿ ಇದ್ದಳು.

ಗಿಡ್ಡ ಹುಡುಗಿ. ಹತ್ತಿಯ ಹೊರೆ ಅವಳ ತಲೆಯ ಮೇಲಿಂದ, ಕೂದಲು ಸವರಿಕೊಂಡು ಹೋಗಿತ್ತು. ಕಟಕಟೆಗೂ ಲಾರಿಯ ಗಾಲಿಗೂ ನಡುವೆ ಒಂದು ಮಗು ನಿಲ್ಲುವಷ್ಟೇ ಜಾಗವಿತ್ತು, ಅದರಲ್ಲಿ ಅವಳು ನಿಂತಿದ್ದಳು. ಹೆದರಿ ಒಂದೇ ಒಂದು ಹೆಜ್ಜೆ ಇತ್ತಲೋ ಅತ್ತಲೋ ಇಟ್ಟಿದ್ದರೆ. ಪುಷ್ಪಾವತಿ ಓಡಿ ಬಂದು ಮುಟ್ಟಿದಾಗ ಜಡೆಯ ತುಂಬ ಹತ್ತಿಯ ಎಳೆ ಅಂಟಿದ್ದವು. ಹುಡುಗಿಯ ಕಣ್ಣು ಕೆಳಗಿನ ಕ್ಯಾಮೆರಾದ ಮೇಲೇ ಇತ್ತು. ತುಟಿ ಅಲುಗಿಸದೆ, ಹಲ್ಲಿನ ಸಂದಿಯಿಂದ ಹೇಳಿದಳು: "ಅವ್ವಾ, ಅಳ್ಳಾಡಬ್ಯಾಡ. ಹೋಗಿಬಿಡ್ತಿ."

ಪುಷ್ಪಾವತಿ ಅವಳ ಕೆನ್ನೆಗೆ ಹೊಡೆದಳು. ಮಗಳಿಗೆ ಕೈ ಎತ್ತಿದ್ದು ಅದೇ ಮೊದಲು. ಹೊಡೆತಕ್ಕೂ ಹುಡುಗಿ ಅಲುಗಲಿಲ್ಲ. ಕಣ್ಣಿಂದ ನೀರು ಮಾತ್ರ ಇಳಿಯಿತು, ಅದನ್ನೂ ಒರೆಸಿಕೊಳ್ಳಲಿಲ್ಲ. ಆಮೇಲೆ ತಾಯಿ ಅಲ್ಲೇ ರಸ್ತೆಯಂಚಿನಲ್ಲಿ ಕುಸಿದು ಅವಳ ಎರಡೂ ಕಾಲನ್ನು ಅಪ್ಪಿ ಹಿಡಿದು ಕೂತಳು. ಕೆಳಗೆ, ಯಾರೂ ಇಲ್ಲದ ಬಂಡೆಯ ಮೇಲೆ, ಕ್ಯಾಮೆರಾ ತನ್ನಷ್ಟಕ್ಕೆ ಕಣ್ಣು ಮುಚ್ಚಿತು.

"ಪುಷ್ಪಾ! ಎಲ್ಲಿ ಅದೀ? ಬಾ ಇಲ್ಲೆ, ಬಾ ಬಾ!" ಒಗೆಯುವ ಕಲ್ಲಿನ ಹತ್ತಿರ ಸೋಪಿನ ಕೈಯಲ್ಲೇ ಪುಷ್ಪಾವತಿ ತಲೆ ಎತ್ತಿದಳು. ಬಾಗಿಲಲ್ಲಿ ಕಲ್ಲೇಶ. ಮಧ್ಯಾಹ್ನದ ಊಟದ ಹೊತ್ತಿಗೆ ಎಂದೂ ಬರದವನು ಬಂದಿದ್ದ, ಎದೆಗವಚಿಕೊಂಡು ದೊಡ್ಡದೊಂದು ಚೌಕಟ್ಟು ಹೊತ್ತು. ಪಡಸಾಲೆಯ ಗೋಡೆಗೆ ಒರಗಿಸಿ ಮೇಲಿನ ಕಾಗದ ತೆಗೆದ. ಹುಬ್ಬಳ್ಳಿಯ ಪ್ರದರ್ಶನಕ್ಕೆ ಆರಿಸಿದ ಫೋಟೋ. ಇವಳು ಕಳಿಸಿರಲಿಲ್ಲ. ಅವನೇ ಇವಳ ಕ್ಯಾಮೆರಾ ನೋಡಿ, ಕಂಡು, ಹುಚ್ಚನಂತೆ ಕುಣಿದು, ಇವಳ ಹೆಸರಿನಲ್ಲಿ ಕಳಿಸಿ, ಆಯ್ಕೆಯಾದ ಸುದ್ದಿ ಬಂದ ಮೇಲೆ ಹೇಳಿದ್ದ. "ಹುಡುಗೀನ್ನ ನಿಲ್ಲಿಸಿದ್ದು ಏನ್ ತಲಿ ಓಡಿಸೀಯ ಮಾರಾಯ್ತಿ!" ಎಂದಿದ್ದ ಅವತ್ತು. ನಾನು ನಿಲ್ಲಿಸಲಿಲ್ಲ ಎಂದು ಹೇಳಬೇಕಿತ್ತು. ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ಒಳಗೊಂದು ದನಿ, ನೀನೇ ನಿಲ್ಲಿಸಿದ್ದು ಅಂದಿತು. ನಿಂದ್ರು ನಿಂದ್ರು ಎಂದು ಬೇಡಿಕೊಂಡವಳು ಯಾರು? ಬೇರೆಯವರ ಮಗು ಎಂದುಕೊಂಡು ಬೇಡಿಕೊಂಡೆಯಲ್ಲ, ಬೇರೆಯವರದಾಗಿದ್ದರೆ ಓಡುತ್ತಿದ್ದೆಯಾ? ಅವಳು ಬಾಯಿ ಮುಚ್ಚಿದ್ದಳು. ಮುಚ್ಚಿದ್ದು ಇವತ್ತಿಗೂ ತೆರೆದಿರಲಿಲ್ಲ.

ಕೆಲಸದ ಸೂಜಿ ಸೆರಗಿಗೆ ಚುಚ್ಚಿಕೊಂಡೇ ಪಕ್ಕದ ಮನೆಯ ಹಸನಬಿ ಬಂದಳು. ಬ್ಲೌಸು ಹೊಲಿಯುವವಳು, ಇವರ ಮನೆಯ ಯಾವ ಸದ್ದನ್ನೂ ತಪ್ಪಿಸಿಕೊಂಡವಳಲ್ಲ. ಚೌಕಟ್ಟಿನ ಎದುರು ಕುಕ್ಕರುಗಾಲಲ್ಲಿ ಕೂತು ಕಣ್ಣು ಕಿರಿದು ಮಾಡಿದಳು. "ಯಪ್ಪಾ, ಎಷ್ಟ ದೊಡ್ಡದರಿ ಇದು! ಎಲ್ಲಿ ಅದಾಳ ನಮ್ಮ ದಾನಿ? ಓ, ಇಕಾ! ನೊಣ ಕುಂತಂಗ ಕಾಣತಾಳಲ್ಲ ಪುಷ್ಪಕ್ಕ. ತುಸು ಹತ್ತರ ಹೋಗಿ ತಗದಿದ್ರ ಮಾರಿನರ ಕಾಣತಿತ್ತು."

"ಹತ್ತರ ಹೋದ್ರ ಹುಬ್ಬಳ್ಳಿಯವರು ಆರಿಸಬೇಕಲ್ಲ," ಎಂದು ಕಲ್ಲೇಶ ನಕ್ಕ.

ಗಂಗವ್ವ ನಗಲಿಲ್ಲ. ಮೆಂತೆಯ ಬುಟ್ಟಿ ಬಿಟ್ಟು ಎದ್ದು ಬಂದು, ಚೌಕಟ್ಟನ್ನು ನೋಡಿದವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಬಣ್ಣ ಯಾಕ ಹಾಕಲಿಲ್ಲೋ? ಕರೇ-ಬಿಳೇ ಫೋಟೋ ಕಟ್ಟು ಹಾಕಿಸಿ ಮನಿಯಾಗ ಇಡೂದು ಯಾರದು? ನಿಮ್ಮಪ್ಪಂದು ಅದ ನೋಡು ಅಲ್ಲಿ, ಹಾರ ಹಾಕಿದ್ದು. ಇದ್ದ ಕೂಸಿಂದು ಹಿಂಗ ಇಡತಾರೇನು? ತಗಿ ಮೊದಲ."

"ಅವ್ವಾ, ಇದು ಕಲೆ ಅಂತಾರ, ಆರ್ಟು."

"ಸುಡಲಿ ನಿನ್ನ ಆರ್ಟು. ಹೊರಗ ಒಯ್ಯಿ ಅಂದ್ನಿ."

ಪುಷ್ಪಾವತಿ ಚೌಕಟ್ಟಿನ ಮುಂದೆ ಬಗ್ಗಿದಳು. ಅತ್ತೆ ಹೇಳಿದ್ದು ಅವಳು ಹದಿನೈದು ದಿನದಿಂದ ಹೇಳಿಕೊಳ್ಳಲಾಗದೆ ಇದ್ದುದೇ ಆಗಿತ್ತು. ಆ ಬಿಳಿ ಹೊಳೆಯ ಮೇಲೆ, ಆ ಕಪ್ಪು ಕಂಬಗಳ ಮೇಲೆ ನಿಂತಿರುವ ಚುಕ್ಕೆ ಬದುಕಿರುವ ಹುಡುಗಿಯಂತೆ ಕಾಣುತ್ತಿರಲಿಲ್ಲ. ಲಾರಿ ಇರಲಿಲ್ಲ. ಗಾಳಿ ಇರಲಿಲ್ಲ. ಹೆದರಿಕೆ ಎಂಬುದೇ ಇಲ್ಲದ ಯಾವುದೋ ಲೋಕದಲ್ಲಿ ಹುಡುಗಿ ನಿಂತಿದ್ದಳು. ಪುಷ್ಪಾವತಿ ಇನ್ನಷ್ಟು ಬಗ್ಗಿ ನೋಡಿದಳು. ಕ್ಯಾಮೆರಾದ ಸಣ್ಣ ಪರದೆಯಲ್ಲಿ ಮೊದಲ ದಿನ ನೋಡಿದಾಗ ಹುಡುಗಿಯ ಕಾಲ ಹತ್ತಿರ ಒಂದು ಮಸುಕು ಇತ್ತು. ಹೊಗೆಯ ಹಾಗೆ, ಕಂಡರೆ ಕಂಡಿತು ಎಂಬಷ್ಟು. ಈಗ ಅದು ಇರಲಿಲ್ಲ.

"ಇಲ್ಲಿ... ಇಲ್ಲಿ ಏನೋ ಇತ್ತಲ್ಲರಿ?"

"ಹಾಂ, ಒಂದು ಕಲಿ ಬಿದ್ದಿತ್ತು. ಗಾಜಿನ ಮ್ಯಾಲ ಧೂಳು ಕುಂತಿರಬೇಕು. ಕಂಪ್ಯೂಟರಿನಾಗ ಒರಸಿ ತಗದ್ನಿ. ಈಗ ಎಷ್ಟ ಸ್ವಚ್ಛ ಆತು ನೋಡು."

ಅದು ನಾನು, ಎಂದುಕೊಂಡಳು ಪುಷ್ಪಾವತಿ. ಮುಳ್ಳಿನಲ್ಲಿ ಸೀರೆ ಹರಿದುಕೊಂಡು ಓಡಿ ಬಂದು ಕಾಲು ಅಪ್ಪಿ ಕೂತಿದ್ದ ನಾನು.

ಎಲ್ಲರ ಕಾಲುಗಳ ನಡುವಿನಿಂದ ದಾನಿ ನುಸುಳಿ ಬಂದು ಚೌಕಟ್ಟಿನ ಮುಂದೆ ನಿಂತಳು. ಗಾಜಿನ ಮೇಲೆ ಬೆರಳಿಟ್ಟಳು. ಬಹಳ ಹೊತ್ತು ನೋಡಿದಳು. ಆಮೇಲೆ ತಾಯಿಯ ಕಡೆ ತಿರುಗಿ ಪಿಸುಗುಟ್ಟಿದಳು. "ನೀ ಓಡಿ ಬಂದಿದ್ಯಲ್ಲ. ಅದಕ್ಕ ಹೋಗೀಯ. ನಾ ಹೇಳಿದ್ನಿಲ್ಲ, ಅಳ್ಳಾಡಬ್ಯಾಡ ಅಂತ?" ಕಣ್ಣಲ್ಲಿ ನೀರು ತುಂಬಿತ್ತು. "ನಾ ಅಳ್ಳಾಡಲಿಲ್ಲ, ಲಾರಿ ನನ್ನ ಮುಟ್ಟಲಿಲ್ಲ."

"ಯಾವ ಲಾರಿ?" ಎಂದ ಕಲ್ಲೇಶ.

 ಹಸನಬಿ ಒಮ್ಮೆ ತಾಯಿಯ ಮುಖ, ಒಮ್ಮೆ ಮಗಳ ಮುಖ ನೋಡಿ, ಏನು ಕಂಡಳೋ, "ಬಾರ ದಾನಿ, ನಮ್ಮನಿಯಾಗ ಕೋಳಿ ಮರಿ ಮಾಡೇತಿ, ತೋರಸ್ತೀನಿ," ಎಂದು ಕೈ ಹಿಡಿದಳು. ದಾನಿ ಕದಲಲಿಲ್ಲ. ಪುಷ್ಪಾವತಿ ಅಂದಳು, "ಇರಲಿ ಬಿಡು ಹಸನಬಿ. ನನಗ ಈಕಿ ಕೂಡ ಕೆಲಸ ಐತಿ."

ಊಟವಾಗಿ ಗಂಡ ಸ್ಟುಡಿಯೋಕ್ಕೆ ಹೋಗುವಾಗ, ಸಂಜೆ ಚೌಕಟ್ಟನ್ನು ಕಟ್ಟಿ ಬಸ್‌ಸ್ಟ್ಯಾಂಡಿಗೆ ಒಯ್ದು ಹುಬ್ಬಳ್ಳಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಟ್ಟುಬಿಡು, ಅಲ್ಲಿ ಬಂದು ಇಳಿಸಿಕೊಳ್ಳುತ್ತಾರೆ, ಎಂದು ಹೇಳಿ ಹೋದ. ಲಾರಿಯ ಮಾತು ಮತ್ತೆ ಕೇಳಲಿಲ್ಲ. ಬಾಗಿಲಲ್ಲಿ ಒಮ್ಮೆ ತಿರುಗಿ ನಿಂತ, ಹೋದ. ಪುಷ್ಪಾವತಿ ಹಿತ್ತಲಿಗೆ ಸ್ಟ್ಯಾಂಡು ತಂದು ನಿಲ್ಲಿಸಿದಳು. ಒಗೆಯುವ ಕಲ್ಲು, ಬೇವಿನ ಗಿಡ, ನೀರು ತುಂಬಿಡುವ ಕಲ್ಲುದೋಣಿ. ಕ್ಯಾಮೆರಾಗೆ ಕಪ್ಪು ಗಾಜು ತೊಡಿಸಿದಳು. ಬಂಡೆಯ ಮೇಲಿಂದ ತಂದ ದಿನದಿಂದ ಅದನ್ನು ಮುಟ್ಟಿರಲಿಲ್ಲ.

"ಬಾ. ಕುಣಿಯೂಣು."

"ಬ್ಯಾಡ," ಎಂದಳು ದಾನಿ. ಬಾಗಿಲಿಗೆ ಅಂಟಿ ನಿಂತಿದ್ದಳು. "ಹೋಗಿಬಿಡತೀವಿ."

"ಹೋಗೂಣು ಬಾ. ಇಬ್ಬರೂ ಕೂಡೇ ಹೋಗೂಣು."

ಅದನ್ನು ಹೇಳಿದ ಮೇಲೆ ಅವಳಿಗೇ ಭಯವಾಯಿತು. ಆದರೆ ಮಗಳು ಬಂದಳು. ಕೂಡೇ ಎಂದದ್ದಕ್ಕೆ ಬಂದಳು. ಗುಂಡಿ ಒತ್ತಿ, ಕಣ್ಣು ತೆರೆದು, ಇಬ್ಬರೂ ಕೈ ಹಿಡಿದು ಹಿತ್ತಲ ತುಂಬ ತಿರುಗಿದರು. ಮೊದಲು ತಾಯಿ ಎಳೆದಳು, ಆಮೇಲೆ ಮಗಳ ಕಾಲು ತಾನಾಗಿ ಏಳತೊಡಗಿತು. ಒಗೆಯುವ ಕಲ್ಲು ಹತ್ತಿ ಹಾರಿದರು. ದೋಣಿಯ ನೀರು ಒಬ್ಬರಿಗೊಬ್ಬರು ಎರಚಿದರು. ಗಂಗವ್ವ ಬಾಗಿಲಿಗೆ ಬಂದು, "ಏನ ಹುಚ್ಚ ಹಿಡದೈತೋ ತಾಯಿ-ಮಗಳಿಗೆ," ಎಂದು ಬೈದು, ಅಲ್ಲೇ ನಿಂತು ನೋಡಿದಳು. ಕ್ಯಾಮೆರಾ ಕಣ್ಣು ಮುಚ್ಚಿತು. ಏದುಸಿರು ಬಿಡುತ್ತ ಇಬ್ಬರೂ ಸಣ್ಣ ಪರದೆಯ ಮೇಲೆ ಬಾಗಿದರು. ಬೇವಿನ ಗಿಡ. ಕಲ್ಲು. ದೋಣಿ. ಯಾರೂ ಇರಲಿಲ್ಲ.

ದಾನಿ ಪರದೆಯನ್ನು ನೋಡಿದಳು. ತಾಯಿಯನ್ನು ನೋಡಿದಳು. ಒದ್ದೆ ಕೈಯಿಂದ ತಾಯಿಯ ರಟ್ಟೆಯನ್ನು ಗಟ್ಟಿಯಾಗಿ ಚಿವುಟಿದಳು.

"ಹಾ! ಹರಾಮಖೋರಿ!"

"ನೀ ಅದೀ," ಎಂದಳು ಮಗಳು.

"ಅದೀನಿ."

"ಅಳ್ಳಾಡಿದ್ರೂ ಅದೀ." ಯೋಚಿಸಿದಳು. ತನ್ನ ಕೆನ್ನೆಯನ್ನೂ ಚಿವುಟಿಕೊಂಡಳು. ಆಮೇಲೆ ಜಡೆಯಿಂದ ನೀರು ಹಿಂಡುತ್ತ ಒಳಗೆ ಓಡಿದಳು, "ಅಜ್ಜೀ, ಫೋಟೋದಾಗ ಇಲ್ಲದಿದ್ರೂ ಇರತೀವಂತ!" ಎಂದು ಕೂಗುತ್ತ. ಪುಷ್ಪಾವತಿ ಮಾತ್ರ ಆ ಪರದೆಯನ್ನು ನೋಡುತ್ತ ನಿಂತಳು. ಎಷ್ಟು ಚೊಕ್ಕ ಹಿತ್ತಲು. ಅವರಿಬ್ಬರೂ ಎಂದೂ ಅಲ್ಲಿ ಇರಲೇ ಇಲ್ಲವೆನ್ನುವಷ್ಟು ಚೊಕ್ಕ. ಮಗಳ ಮೈಯಿಂದ ಇಳಿದ ಭಯ ಎಲ್ಲಿಗೂ ಹೋಗಿರಲಿಲ್ಲ. ಅವಳು ಅದರ ತಣ್ಣಗಿನ ಕಾಲುಗಳು ತನ್ನ ಬೆನ್ನೇರುತ್ತಿರುವುದನ್ನು ಬಲ್ಲಳು.

ಸಂಜೆ ಚೌಕಟ್ಟನ್ನು ಹಳೆ ಸೀರೆಯಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಹೊರಟಳು. ದಾನಿ ಬೆರಳು ಹಿಡಿದು ಪಕ್ಕದಲ್ಲಿ. ಪೇಟೆಯಲ್ಲಿ ಕಡಲೆ ಚೀಲದ ಗಾಡಿಗಳು, ಬೈಕುಗಳು. ಪ್ರತಿಯೊಂದಕ್ಕೂ ಪುಷ್ಪಾವತಿ ಮಗಳ ಬೆರಳನ್ನೇ ಗಮನಿಸಿದಳು. ಬೆರಳು ಒಮ್ಮೆ ಬಿಗಿಯುತ್ತಿತ್ತು, ಒಮ್ಮೆ ಸಡಿಲುತ್ತಿತ್ತು. ಭಯ ಹೋಗಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಬಸ್ಸು ಎಲ್ಲಿ ಎಂದು ಚೌಕಟ್ಟಿನ ಮೇಲಿಂದ ಇಣುಕುತ್ತ ನಡೆಯುತ್ತಿದ್ದಾಗ ಹಿಂದಿನಿಂದ ಕಂಡಕ್ಟರನ ಸೀಟಿ ಕೇಳಿತು, ಉದ್ದಕ್ಕೆ, ಮತ್ತೆ ಮತ್ತೆ. ತಿರುಗಿದಳು. ಬಸ್ಸೊಂದು ಹಿಂದಕ್ಕೆ ಬರುತ್ತಿತ್ತು. ಅದರ ಬೆನ್ನು ಅಗಲವಾಗಿ, ಬಿಸಿಲನ್ನು ಮುಚ್ಚಿ, ಮೇಲೆ ಬಾಗಿದಂತೆ. ಅವಳಿಗೆ ಗೊತ್ತಿತ್ತು, ಒಂದು ಹೆಜ್ಜೆ ಪಕ್ಕಕ್ಕಿಟ್ಟರೆ ಸಾಕು. ಕಾಲಿಗೆ ಹೇಳಿದಳು. ಕಾಲು ಕೇಳಲಿಲ್ಲ. ಇತ್ತಲೋ, ಅತ್ತಲೋ? ಇತ್ತ ಇಟ್ಟರೆ, ಅತ್ತ ಇಟ್ಟರೆ. ಬೆಳ್ಳಗಿನದೇನೋ ತಲೆಯ ಮೇಲೆ ಬಂದ ಹಾಗಾಯಿತು. ಉಸಿರು ನಿಂತಿತು. ನಿಂತರೆ ಏನೂ ಆಗುವುದಿಲ್ಲ, ಎಂದು ಯಾರೋ ಒಳಗೆ ಮೆಲ್ಲಗೆ ಹೇಳಿದರು.

"ಅವ್ವಾ!"

ಸೀರೆಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಯಾರೋ ಜಗ್ಗಿದರು. "ಅವ್ವಾ, ಬಾಜೂ ಸರಿ! ಅಳ್ಳಾಡವ್ವಾ, ಅಳ್ಳಾಡು!" ಅವಳು ಪಕ್ಕಕ್ಕೆ ಮುಗ್ಗರಿಸಿದಳು. ಚೌಕಟ್ಟು ಕೈಜಾರಿ ಬಿತ್ತು, ಸೀರೆಯೊಳಗೆ ಗಾಜು ಚಟ್ಟೆಂದಿತು. ಬಸ್ಸು ಅವಳು ನಿಂತಿದ್ದ ಜಾಗಕ್ಕೆ ಬಂದು, ದಾಟಿ, ನಿಂತಿತು.

ಕಂಡಕ್ಟರ ಸೀಟಿ ಬಾಯಿಂದ ಕಿತ್ತು ಓಡಿ ಬಂದ. "ಏನ್ರಿ ಅಕ್ಕಾರ, ಕಂಬ ನಿಂತಂಗ ನಿಂತೀರಲ್ಲರಿ! ನಿಮ್ಮ ಮಗಳಿಗೆ ಇರೂ ಎಚ್ಚರ ನಿಮಗಿಲ್ಲಲ್ಲ. ಎಲ್ಲಿಗೆ ಹೊಂಟೀರಿ? ಪಾರ್ಸಲ್ಲೇನದು? ಹುಬ್ಬಳ್ಳಿದಿದ್ರ ಕೊಡ್ರಿ ಇಲ್ಲೆ, ನಂದ ಬಸ್ಸು."

ದಾನಿ ಕೆಳಗೆ ಕೂತು ಸೀರೆಯ ಅಂಚು ಸರಿಸಿ ನೋಡುತ್ತಿದ್ದಳು. ಗಾಜು ನಡುವೆ ಸೀಳಿ ಹೊಳೆಯ ಮೇಲೆ, ಕಂಬಗಳ ಮೇಲೆ ಗೆರೆ ಎಳೆದಿತ್ತು. ಅದರಾಚೆ ಚುಕ್ಕೆ ನಿಂತೇ ಇತ್ತು. "ಈಕಿ ಇನ್ನೂ ಅಲ್ಲೇ ನಿಂತಾಳ," ಎಂದಳು ದಾನಿ, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ. ಎದ್ದು ಲಂಗಕ್ಕೆ ಕೈ ಒರೆಸಿಕೊಂಡಳು.

"ಎಲ್ಲಿಗ್ರಿ ಅಕ್ಕಾರ?" ಕಂಡಕ್ಟರ ಮತ್ತೆ ಕೇಳಿದ.

"ಎಲ್ಲಿಗೂ ಇಲ್ಲರಿ," ಎಂದಳು ಪುಷ್ಪಾವತಿ. ತನ್ನ ಧ್ವನಿ ತನಗೇ ದೂರದಿಂದ ಬಂದಂತಿತ್ತು. ಚೌಕಟ್ಟನ್ನು ಎತ್ತಿ ಬಗಲಿಗೆ ಇರುಕಿಕೊಂಡಳು. ಒಡೆದ ಗಾಜು ಸೀರೆಯೊಳಗೆ ಗಲಗಲ ಅಂದಿತು. ಮನೆಗೆ ಹೋಗಿ ಗಂಡನಿಗೆ ಹೇಳಬೇಕು. ಯಾವ ಲಾರಿ ಎಂದು ಕೇಳಿದ್ದಾನೆ, ಹೇಳಬೇಕು. ಮಸುಕು ಯಾರದೆಂದು ಹೇಳಬೇಕು. ನಿಂದ್ರು ಎಂದಿದ್ದನ್ನೂ ಹೇಳಬೇಕು. ಅದನ್ನು ಹೇಗೆ ಹೇಳುವುದು ಗೊತ್ತಿಲ್ಲ.

ಸ್ಟ್ಯಾಂಡಿನ ಗೇಟು ದಾಟುತ್ತಿದ್ದ ಹಾಗೆ ಮಗಳ ಬೆರಳು ಅವಳ ಕೈಯಿಂದ ಜಾರಿತು. ಕೋಳಿಮರಿಗಳ ನೆನಪಾಗಿರಬೇಕು. ದಾನಿ ಒಂಟಿಗಾಲಲ್ಲಿ ಕುಪ್ಪಳಿಸುತ್ತ, ಜಿಗಿಯುತ್ತ, ಆಮೇಲೆ ಪೂರಾ ಓಡುತ್ತ ಪೇಟೆಯ ಮಂದಿಯ ನಡುವೆ ಹೊರಟಳು. ಗಾಡಿಯೊಂದು ಹಾರ್ನ್ ಹೊಡೆಯಿತು. ಹುಡುಗಿ ಪಕ್ಕಕ್ಕೆ ಹಾರಿದಳು, ಮತ್ತೆ ಓಡಿದಳು. ಎರಡು ಜಡೆ ಮಂದಿಯ ನಡುವೆ ಕಂಡವು, ಮರೆಯಾದವು, ಕಂಡವು. ಎದುರಿನಿಂದ ಟ್ರ್ಯಾಕ್ಟರು ಬರುತ್ತಿತ್ತು. ಪುಷ್ಪಾವತಿಯ ಅಂಗೈ ತಾನಾಗಿ ಮುಂದಕ್ಕೆ ಚಾಚಿತು, ಬಾಯಿ ತೆರೆಯಿತು, ನಿಂದ್ರು ಎಂಬ ಮಾತು ಗಂಟಲಿಗೆ ಬಂದು ನಿಂತಿತು. ಅದನ್ನು ಅವಳು ನುಂಗಿದಳು. ಚಾಚಿದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಇಳಿಸಿಕೊಂಡು, ಬಗಲಲ್ಲಿ ಗಾಜು ಗಲಗುಟ್ಟುತ್ತಿರಲು, ಮಗಳ ಹಿಂದೆ ಓಡತೊಡಗಿದಳು.